ನಾಲ್ಕು ಸಾತೇರಿ

ಬೈತಖೋಲದ ಮೀನುಗಾರರ ಸೊಸೈಟಿ, ಹಿಂದಿನ ಕೋಣೆ.
ಮೌಸು ಉಪ್ಪುಗಾಳಿ ಕುಡಿದು ಸತ್ತು ವರ್ಷವಾಗಿತ್ತು.
ಉಳಿದದ್ದು ಕಪ್ಪು ಪರದೆ, ಮಿಣುಕುವ ಒಂದು ಕಡ್ಡಿ,
ಮತ್ತು ಪುರ್ಸು ದುರ್ಗೇಕರರ ಎಂಟು ಬೆರಳು.

ಎರಡನ್ನು ವಿಂಚಿನ ಹಗ್ಗ ಒಯ್ದಿತ್ತು, ದೇವಗಡದಾಚೆ.
ಆಮೇಲೆ ದಡ ಸೇರಿ ಗುಮಾಸ್ತರಾದವರು.
ಎಸ್ಕೇಪನ್ನು ಎಡಗೈಯ ಮೋಟು ಬೆರಳಿಂದಲೇ ಒತ್ತುತ್ತಿದ್ದರು,
ಡಬ್ಬಿಯ ಮುಚ್ಚಳ ಅದುಮಿದ ಹಾಗೆ.
"ಮೊದಲು ಇದು. ಏನೇ ಗಲಿಬಿಲಿಯಾದರೂ ಇದು.
ಬರೆಯೋದು ಬೇರೆ, ಓಡಾಡೋದು ಬೇರೆ, ತಂಗೀ.
ಬಲೆ ನೀರಲ್ಲಿದ್ದಾಗ ಎಂಜಿನ್ ಹಿಂದಕ್ಕೆ ಹೊಡೀತಾರಾ?"

ಎಚ್ ಎಡಕ್ಕೆ, ಎಲ್ ಬಲಕ್ಕೆ.
ಜೆ ಕೆಳಕ್ಕೆ: ಅದರ ಬುಡ ನೋಡು, ಗಾಳದ ಕೊಕ್ಕೆ, ಮುಳುಗಲೇಬೇಕು.
ಕೆ ಮೇಲಕ್ಕೆ.
ಬಾಣದ ಕೀಲಿಗಳನ್ನು ಮುಟ್ಟಗೊಡಲಿಲ್ಲ.

ಡಿ ಡಿ ಎಂದರೆ ಸಾಲು ಮಾಯ,
ಪಿ ಎಂದರೆ ಅದೇ ಸಾಲು ಬೇರೆಡೆ ಹಾಜರು.
ಮಾರಿದವನಿಂದ ದೋಣಿ ಎತ್ತಿ ಕೊಂಡವನ ಕೆಳಗಿಡಲು
ಮೂರು ಬಡಿತ; ಸರ್ಕಾರಿ ಆಫೀಸಲ್ಲಿ ಮೂರು ತಿಂಗಳು.
ಯು ಒತ್ತಿದರೆ ಆದದ್ದು ಆಗದ್ದಾಗುತ್ತದೆ.
ಇದನ್ನು ಹೇಳುವಾಗ ಅವರು ತಮ್ಮ ಕೈ ನೋಡಿಕೊಳ್ಳಲಿಲ್ಲ.
ನಾನು ನೋಡಿದೆ.

ಮನೆಯಲ್ಲಿ ಕೊಂಕಣಿ, ಪಟ್ಟಿಯಲ್ಲಿ ಕನ್ನಡ,
ಆಜ್ಞೆ ಮಾತ್ರ ಇಂಗ್ಲಿಷಿನಲ್ಲಿ.
ಕೀಲಿಮಣೆ ತಿರುಗಿಸಲು ಮರೆತು ಒತ್ತಿದರೆ
ಕಡ್ಡಿ ನಿಂತಲ್ಲೇ ಮಿಣುಕುತ್ತದೆ,
ಝಾರ್ಖಂಡದಿಂದ ನಿನ್ನೆ ಬಂದಿಳಿದ ಖಲಾಸಿಗೆ
ಹಗ್ಗ ಬಿಡೋ ಎಂದು ಕೂಗಿದ ಹಾಗೆ.

ಆಗಸ್ಟು. ನಿಷೇಧ ಮುಗಿದ ಮೂರನೇ ರಾತ್ರಿ ಗಾಳಿ ಎದ್ದಿತು.
ವಯರ್‌ಲೆಸ್ಸಿನಲ್ಲಿ ಬಂದ ಹೆಸರನ್ನು ಅವರು ಕೂಗಿ ಹೇಳುತ್ತಿದ್ದರು,
ನಾನು ದೊಡ್ಡ ಎ ಒತ್ತಿ ಸಾಲಿನ ಕೊನೆಗೆ ಹಾರಿ
'ಬಂತು' ಎಂದು ಬರೆದು, ಎಸ್ಕೇಪ್.
ದೊಡ್ಡ ಎ, ಬಂತು, ಎಸ್ಕೇಪ್. ದೊಡ್ಡ ಎ, ಬಂತು...
"ಅಷ್ಟು ಕಷ್ಟ ಯಾಕೆ?" ಎಂದು ಚುಕ್ಕಿ ತೋರಿಸಿದರು.
ಹಿಂದೆ ಮಾಡಿದ್ದನ್ನೇ ಮತ್ತೆ ಮಾಡುವ ಕೀಲಿ.
ಜೆ, ಚುಕ್ಕಿ. ಜೆ, ಜೆ, ಚುಕ್ಕಿ.
ಒಂದು ಚುಕ್ಕಿಗೆ ಒಂದು ದೋಣಿ ದಡಕ್ಕೆ.

ಕಿಟಕಿಯಲ್ಲಿ ತುಳಸಾ ಬಾನಾವಳಿ,
ಸೆರಗಿನಲ್ಲಿ ಮೊಬೈಲು ಸುತ್ತಿಕೊಂಡು.
"ಶಾಂತೇರಿ ಬಂತೇನೇ?"
ಓರೆಗೆರೆ, ಶಾಂತೇರಿ, ಎಂಟರ್.
ಪರದೆಯ ತಳದಲ್ಲಿ ಕೆಂಪಗೆ: ಸಿಗಲಿಲ್ಲ.

ಅದಕ್ಕಿಂತ ಹೆಚ್ಚು ಅದು ಹೇಳುವುದಿಲ್ಲ.
ಪಟ್ಟಿಯಲ್ಲಿ ಸಿಗಲಿಲ್ಲವೋ, ಕಡಲಲ್ಲಿ ಸಿಗಲಿಲ್ಲವೋ,
ಎರಡಕ್ಕೂ ಕೆಂಪು ಒಂದೇ.
ತುಳಸಾ ಓದು ಕಲಿತವಳಲ್ಲ. ಬಣ್ಣ ಓದಿದಳು.

ಪುರ್ಸು ಕುರ್ಚಿ ಎಳೆದುಕೊಂಡರು.
ಓರೆಗೆರೆ. ತೇರಿ. ಅಷ್ಟೇ.
"ಇಡೀ ಹೆಸರು ಬೇಡ, ಕಿವಿರಿಗೆ ಬೆರಳು ಸಿಕ್ಕರೆ ಸಾಕು."
ಸಾತೇರಿ. ಎನ್ ಒತ್ತಿದರೆ ಶ್ರೀ ಸಾತೇರಿ.
ಎನ್. ಸಾತ್ತೇರಿ.
ಎನ್. ಸಾಂತೇರಿ, ಮಾಲೀಕ ಬಾನಾವಳಿ, ಬಂತು.
ನಾನೇ ಚುಕ್ಕಿ ಒತ್ತಿ ತಂದದ್ದು, ಅರ್ಧ ಗಂಟೆಯ ಹಿಂದೆ,
ಹೆಸರನ್ನು ಓದದೆ.
"ಆಯ್ಲೆಂ ಗೊ, ಆಯ್ಲೆಂ," ಎಂದರು ಕಿಟಕಿಗೆ.
ಕಿಟಕಿಯಲ್ಲಿ ಆಗಲೇ ಯಾರೂ ಇರಲಿಲ್ಲ.

ಬೆಳಿಗ್ಗೆ ನನಗೆ ನಾಚಿಕೆ, ಮೇಲೆ ಸಿಟ್ಟು.
ಇನ್ನು ಇಂಥದ್ದಾಗಬಾರದು ಎಂದು
ಕೋಲನ್, ಶೇಕಡಾ ಗುರುತು, ಎಸ್, ಓರೆಗೆರೆ...
ಒಂದೇ ಏಟಿಗೆ ನಾಲ್ಕೂ ದೇವಿಯರು ಒಂದೇ ಕಾಗುಣಿತಕ್ಕೆ ಬರಬೇಕು.
ಎಂಟರ್ ಮೇಲಿದ್ದ ನನ್ನ ಬೆರಳನ್ನು ಅವರು ಎತ್ತಿ ಬದಿಗಿಟ್ಟರು.
"ಕೊನೆಗೊಂದು ಸಿ ಸೇರಿಸು."

ಸಿ ಸೇರಿಸಿದರೆ ಪ್ರತಿ ಹೆಸರಿನ ಹತ್ತಿರ ನಿಂತು ಕೇಳುತ್ತದೆ:
ಬದಲಿಸಲೇ?
ಹಣಕೋಣದವನದು ಸಾತೇರಿಯೇ, ಹುಟ್ಟಿದಾಗಿಂದ. ಇಲ್ಲ.
ಶ್ರೀ ಸೇರಿಸಲು ಅವನ ಹೆಂಡತಿ ಹರಕೆ ಹೊತ್ತಿದ್ದಳು. ಇಲ್ಲ.
ಸಾತ್ತೇರಿ ಪೇಂಟರನ ತಪ್ಪು,
ಆದರೆ ಆ ವರ್ಷ ಬಂಗಡೆ ಬಲೆ ಹರಿಯುವಷ್ಟು ಬಿತ್ತು,
ಅಳಿಸಲು ಯಜಮಾನ ಬಿಡಲಿಲ್ಲ. ಇಲ್ಲ.
ಬಾನಾವಳಿಯ ಸೊನ್ನೆ, ಗೋವೆಯಿಂದ ಬಂದ ಅವನ ಅಜ್ಜಿಯ ಉಚ್ಚಾರ.

ನನ್ನ ಬೆರಳು ಸ್ವಲ್ಪ ಹೊತ್ತು ಅಲ್ಲೇ ನಿಂತಿತು.
ಇಲ್ಲ.

ಕೋಲನ್, ಕ್ಯೂ.
ಉಳಿಸುವಂಥದ್ದೇನೂ ಬದಲಾಗಿರಲಿಲ್ಲ,
ಯಂತ್ರ ತಕರಾರಿಲ್ಲದೆ ಬಿಟ್ಟುಕೊಟ್ಟಿತು.
ಹೊರಗೆ ಧಕ್ಕೆಯ ಮೇಲೆ ಐಸು ಒಡೆಯುವ ಸದ್ದು.